ಶಾಲೆಗೆ ದುಡ್ಡು ಬಂದಾಗ ಏನು ತಗೊಳೋದು? ಚಿಕ್ಕ ಕ್ಲಾಸಿನ ವಿಜ್ಞಾನ, ಗಣಿತ, ಬರವಣಿಗೆ ಸಾಮಾನುಗಳನ್ನ ಪಕ್ಕಪಕ್ಕ ಇಟ್ಟು ನೋಡೋಣ

ಜೂನ್ ತಿಂಗಳು ಬಂತು ಅಂದ್ರೆ ಯಾರಾದ್ರೂ ಒಬ್ರು ಟೀಚರ್ ಫೋನ್ ಮಾಡೇ ಮಾಡ್ತಾರೆ, ಮೇಡಂ ನಮ್ಮೂರಿನ ಹಳೇ ಹುಡುಗ ಒಬ್ಬ ಬೆಂಗಳೂರಲ್ಲಿ ಕೆಲಸದಲ್ಲಿದಾನೆ, ಶಾಲೆಗೆ ಏನಾದ್ರೂ ಕೊಡಿಸ್ತೀನಿ ಅಂತಿದಾನೆ, ಏನು ಕೇಳೋಣ ಅಂತ. ಪ್ರತಿ ಸಲ ಫೋನಲ್ಲಿ ಅರ್ಧಂಬರ್ಧ ಹೇಳೋ ಬದಲು ಈ ಸಲ ಕೂತು ಬರೆದೇ ಬಿಡ್ತಿದೀನಿ. ನಾನಿರೋದು ಹಾಸನ ಜಿಲ್ಲೆ ಆಲೂರು ತಾಲ್ಲೂಕಿನ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ, ಒಂದರಿಂದ ಐದನೇ ಕ್ಲಾಸು, ಇಬ್ಬರೇ ಟೀಚರು, 23 ಮಕ್ಕಳು, ಸುತ್ತ ಕಾಫಿ ತೋಟ. ಟೌನಿನ ದೊಡ್ಡ ಶಾಲೆಯವರಿಗೆ ಇದರಲ್ಲಿ ಕೆಲವು ಹೊಂದಲ್ಲ, ಆದ್ರೆ ನಮ್ಮಂಥ ಶಾಲೆಗಳೇ ಜಾಸ್ತಿ ಇರೋದು.

ಏನೇ ತಗೊಳೋಕೆ ಮುಂಚೆ ನಾನು ಕೇಳ್ಕೊಳೋದು ಒಂದೇ ಪ್ರಶ್ನೆ, ಇದು ಒಂದೇ ಹೊತ್ತಿಗೆ ಎಷ್ಟು ಮಕ್ಕಳ ಕೈಗೆ ಸಿಗುತ್ತೆ? ಬೆಲೆ, ಕಂಪನಿ, ಬಣ್ಣ ಎಲ್ಲ ಆಮೇಲೆ. ಒಂದು ಮಗು ಮುಟ್ಟಿ ಇಪ್ಪತ್ತೆರಡು ಮಕ್ಕಳು ನೋಡ್ತಾ ಕೂರೋ ಸಾಮಾನು ಎಷ್ಟೇ ಚೆಂದ ಇದ್ರೂ ಅದು ಟೀಚರ್ ಸಾಮಾನು, ಮಕ್ಕಳದ್ದಲ್ಲ.

ಸ್ಮಾರ್ಟ್ ಟಿವಿನಾ, ಬೇರೆ ಏನಾದ್ರೂನಾ

ಕೊಡೋರು ಮೊದಲು ಹೇಳೋದೇ ಇದನ್ನ, ಅದಕ್ಕೆ ಮೊದಲು ಇದನ್ನೇ ಮುಗಿಸ್ತೀನಿ. ಟಿವಿ ಕೆಟ್ಟದ್ದಲ್ಲ. ಕ್ಲಾಸಿಗೆ ತರೋಕೆ ಆಗದೇ ಇರೋದನ್ನ ತೋರಿಸೋಕೆ ಅದು ಬೇಕು. ಸಮುದ್ರ, ಜ್ವಾಲಾಮುಖಿ, ರಾಕೆಟ್ ಹಾರೋದು. ನಮ್ಮ ಮಕ್ಕಳು ಹಾಸನಕ್ಕೆ ಹೋಗುವಾಗ ಎಂಸಿಎಫ್ ಅಂದ್ರೆ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರದ ದೊಡ್ಡ ದೊಡ್ಡ ಡಿಶ್‌ಗಳನ್ನ ದೂರದಿಂದ ನೋಡಿರ್ತಾರೆ, 1982ರಿಂದ ಇಸ್ರೋದವರು ಸುಮಾರು ಉಪಗ್ರಹಗಳನ್ನ ಅಲ್ಲಿಂದ ನೋಡ್ಕೊಳ್ತಾ ಇದಾರೆ ಅಂತ ಹೇಳಿ, ಆಮೇಲೆ ಉಪಗ್ರಹದ ವಿಡಿಯೋ ಹಾಕಿದ್ರೆ ಕಣ್ಣು ಮಿಟುಕಿಸದೆ ನೋಡ್ತಾರೆ. ಅದೇ ಟಿವಿಯಲ್ಲಿ ಹೆಸರುಕಾಳು ಮೊಳಕೆ ಬರೋ ವಿಡಿಯೋ ಹಾಕೋದು ಮಾತ್ರ ನಂಗೆ ಸರಿ ಕಾಣಲ್ಲ, ಹೆಸರುಕಾಳು ಅಡುಗೆ ಮನೇಲೇ ಇದೆಯಲ್ಲ, ಒದ್ದೆ ಬಟ್ಟೇಲಿ ಕಟ್ಟಿಟ್ರೆ ನಾಳೆ ನಾಡಿದ್ದರಲ್ಲಿ ಅವರ ಕೈಯಲ್ಲೇ ಇರುತ್ತೆ.

ಇನ್ನೊಂದು ವಿಷಯ ಕರೆಂಟು. ನಮ್ಮ ಕಡೆ ಜುಲೈ ಆಗಸ್ಟಲ್ಲಿ ಒಂದು ಮರ ಲೈನ್ ಮೇಲೆ ಬಿತ್ತು ಅಂದ್ರೆ ಎರಡು ಮೂರು ದಿನ ಕರೆಂಟ್ ಇರಲ್ಲ, ನೆಟ್‌ವರ್ಕೂ ಇರಲ್ಲ. ಹಾಗಾಗಿ ನೆಟ್ ಇದ್ದಾಗ ಡೌನ್‌ಲೋಡ್ ಮಾಡಿ ಇಟ್ಕೊಳೋಕೆ ಆಗುತ್ತಾ ಅನ್ನೋದರ ಮೇಲೆ ನಾನು ಆ್ಯಪ್‌ಗಳನ್ನ ಅಳೀತೀನಿ. 2017ರಲ್ಲಿ ಬಂದ, ಪಾಠಗಳ ಸರ್ಕಾರಿ ಆ್ಯಪ್ ದೀಕ್ಷಾದಲ್ಲಿ ಅದು ಆಗುತ್ತೆ, ಪಾಠಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಆ ಪಾಠದ್ದೇ ಸಿಗೋದ್ರಿಂದ ಹುಡುಕೋ ಟೈಮ್ ಉಳಿಯುತ್ತೆ, ಆದ್ರೆ ಮಕ್ಕಳು ನೋಡ್ತಾರೆ ಅಷ್ಟೇ. ಅಮೆರಿಕದ ಕೊಲೊರಾಡೊ ಬೌಲ್ಡರ್ ವಿಶ್ವವಿದ್ಯಾಲಯದವರು 2002ರಿಂದ ಮಾಡ್ಕೊಂಡು ಬಂದಿರೋ ಫೆಟ್ ಸಿಮ್ಯುಲೇಶನ್‌ಗಳು ಬೇರೆ ಥರ, ಅಲ್ಲಿ ಮಕ್ಕಳೇ ಬಲ್ಬು ವೈರು ಎಳೆದು ಜೋಡಿಸಬೇಕು, ತಪ್ಪಾದ್ರೆ ಬಲ್ಬ್ ಉರಿಯಲ್ಲ. ಕೆಲವು ಕನ್ನಡದಲ್ಲೂ ಇವೆ, ಒಂದೊಂದನ್ನೇ ಇಳಿಸಿಕೊಂಡು ನೆಟ್ ಇಲ್ಲದೆ ಬ್ರೌಸರಲ್ಲೇ ತೆಗೀಬಹುದು. ಎರಡೂ ಫ್ರೀ. ನಾಲ್ಕು ಐದನೇ ಕ್ಲಾಸಿನ ಗಣಿತಕ್ಕೆ ಅಕ್ಷರ ಫೌಂಡೇಶನ್‌ನವರ ಬಿಲ್ಡಿಂಗ್ ಬ್ಲಾಕ್ಸ್ ಆ್ಯಪ್ ಕೂಡ ಫ್ರೀ, ಕನ್ನಡದಲ್ಲಿದೆ, ಮನೇಲಿ ಅಪ್ಪ ಅಮ್ಮನ ಫೋನಲ್ಲಿ ಪ್ರಾಕ್ಟೀಸ್ ಮಾಡೋಕೆ ಒಳ್ಳೇದು, ಕ್ಲಾಸಲ್ಲಿ ಕಲಿಸೋಕಲ್ಲ.

ಹಾಗಾಗಿ ಟಿವಿ ಕೊಡ್ತೀನಿ ಅಂದ್ರೆ ಬೇಡ ಅನ್ನಬೇಡಿ, ಆದ್ರೆ ಏನು ಬೇಕು ಅಂತ ಅವರು ಕೇಳಿದ್ರೆ ನೀವಾಗಿ ಮೊದಲು ಟಿವಿ ಹೆಸರು ಹೇಳಬೇಡಿ.

ಗಣಿತ: ಕಡ್ಡಿ, ಬ್ಲಾಕು, ನೋಟು, ಮಣಿಕಟ್ಟು (ಅಬ್ಯಾಕಸ್)

ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ಯಾಕಂದ್ರೆ ಈ ನಾಲ್ಕೂ ಒಂದೇ ಅಂತ ಅಂದ್ಕೊಂಡು ಯಾವುದೋ ಒಂದು ತಗೊಂಡು ಬಿಡ್ತೀವಿ, ಒಂದೇ ಅಲ್ಲ.

ನಮ್ಮ ಮೂರನೇ ಕ್ಲಾಸಿನ ಒಂದು ಹುಡುಗಿ 52ರಲ್ಲಿ 28 ಕಳೆದ್ರೆ 36 ಅಂತ ಬರೀತಿದ್ಲು. ಪ್ರತಿ ಸಲ. ಎಂಟರಲ್ಲಿ ಎರಡು ಹೋದ್ರೆ ಆರು, ಐದರಲ್ಲಿ ಎರಡು ಹೋದ್ರೆ ಮೂರು, ಚಿಕ್ಕದನ್ನ ದೊಡ್ಡದರಿಂದ ಕಳೀಬೇಕು ಅಂತ ಹೇಳಿಕೊಟ್ಟಿದ್ದನ್ನ ಅವಳು ಶ್ರದ್ಧೆಯಿಂದ ಮಾಡ್ತಿದ್ಲು. ಬೋರ್ಡ್ ಮೇಲೆ ದಶಕ ಸಾಲ ತಗೊಳೋದನ್ನ ಹತ್ತು ಸಲ ಹೇಳಿದ್ದೆ. ಕೊನೆಗೆ ತೆಂಗಿನ ಪೊರಕೆ ಕಡ್ಡಿ ತಂದು ಒಂದೇ ಅಳತೆಗೆ ಕತ್ತರಿಸಿ ಹತ್ತತ್ತರ ಕಟ್ಟು ಮಾಡಿ ಐದು ಕಟ್ಟು ಎರಡು ಬಿಡಿ ಕಡ್ಡಿ ಕೈಗೆ ಕೊಟ್ಟು ಇದರಲ್ಲಿ ಇಪ್ಪತ್ತೆಂಟು ನಂಗೆ ಕೊಡು ಅಂದೆ. ಎರಡು ಕಟ್ಟು ಕೊಟ್ಲು, ಎರಡು ಬಿಡಿ ಕೊಟ್ಲು, ಆಮೇಲೆ ಸುಮ್ನೆ ಕೂತ್ಲು, ಕಟ್ಟನ್ನ ಕೈಯಲ್ಲಿ ತಿರುಗಿಸ್ತಾ ಇದ್ಲು, ಆಮೇಲೆ ಮೆಲ್ಲಗೆ ಕೇಳಿದ್ಲು, ಮಿಸ್ ಕಟ್ಟು ಬಿಚ್ಚಬಹುದಾ? ಅವತ್ತಿಂದ ಅವಳಿಗೆ 36 ಬರಲಿಲ್ಲ, 24 ಬಂತು.

ಈಗ ಹೋಲಿಸಿ ನೋಡಿ. ಕಡ್ಡಿ ಕಟ್ಟನ್ನ ಬಿಚ್ಚಬಹುದು, ಹತ್ತು ಅನ್ನೋದರ ಒಳಗೆ ಹತ್ತು ಒಂದು ಇದೆ ಅಂತ ಕೈಗೇ ಗೊತ್ತಾಗುತ್ತೆ. ಅಂಗಡೀಲಿ ಸಿಗೋ ಪ್ಲಾಸ್ಟಿಕ್ ಬ್ಲಾಕಿನ ಹತ್ತರ ಕೋಲನ್ನ ಬಿಚ್ಚೋಕೆ ಆಗಲ್ಲ, ಕೊಟ್ಟು ಹತ್ತು ಬಿಡಿ ಬದಲಾಯಿಸ್ಕೋಬೇಕು, ಆದ್ರೂ ಅದರ ಉದ್ದ ಬಿಡಿಯ ಹತ್ತರಷ್ಟು ಇದೆ ಅಂತ ಕಣ್ಣಿಗೆ ಕಾಣುತ್ತೆ. ಆಟದ ನೋಟಲ್ಲಿ ಅದೂ ಇಲ್ಲ, ಹತ್ತು ರೂಪಾಯಿ ನೋಟು ಒಂದು ರೂಪಾಯಿಯ ಹತ್ತರಷ್ಟು ದೊಡ್ಡದಲ್ಲ, ಮೇಲೆ ಬರೆದಿರೋದನ್ನ ನಂಬಬೇಕು. ಮಣಿಕಟ್ಟಲ್ಲಿ ಬರೆದಿರೋದೂ ಇಲ್ಲ, ಅದೇ ಮಣಿ ಪಕ್ಕದ ಕಡ್ಡಿಗೆ ಹೋದ್ರೆ ಹತ್ತಾಗುತ್ತೆ, ಜಾಗಾನೇ ಬೆಲೆ. ಅಂದ್ರೆ ಕಡ್ಡಿ, ಬ್ಲಾಕು, ನೋಟು, ಮಣಿಕಟ್ಟು ಈ ಕ್ರಮದಲ್ಲಿ ಒಂದಕ್ಕಿಂತ ಒಂದು ಕಷ್ಟ. ಮಣಿಕಟ್ಟು ನೋಡೋಕೆ ಆಟದ ಸಾಮಾನು ಥರ ಇರೋದ್ರಿಂದ ಒಂದನೇ ಕ್ಲಾಸಿಗೆ ಅದನ್ನೇ ಕೊಡ್ತಾರೆ, ನನ್ನ ಪ್ರಕಾರ ಅದು ಉಲ್ಟಾ. ಒಂದು ಎರಡಕ್ಕೆ ಕಡ್ಡಿ, ಮೂರಕ್ಕೆ ಬ್ಲಾಕು ನೋಟು, ನಾಲ್ಕಕ್ಕೆ ಸಾವಿರದ ಲೆಕ್ಕ ಬಂದಾಗ ಮಣಿಕಟ್ಟು. ಸಾವಿರ ಕಡ್ಡಿ ಕಟ್ಟೋಕಂತೂ ಆಗಲ್ಲ, ಅಲ್ಲಿ ಮಣಿಕಟ್ಟೇ ಗೆಲ್ಲೋದು.

ಕಟ್ಟೋಕೆ ರಬ್ಬರ್ ಬ್ಯಾಂಡ್ ಬೇಡ, ಒಂದು ವರ್ಷಕ್ಕೆ ಅಂಟಂಟಾಗಿ ಹೋಗುತ್ತೆ, ಸೈಕಲ್ ಅಂಗಡೀಲಿ ಹಳೇ ಟ್ಯೂಬ್ ಇಸ್ಕೊಂಡು ಅಡ್ಡಡ್ಡ ಕತ್ತರಿಸಿದ್ರೆ ಬರೋ ರಿಂಗು ಬಹಳ ದಿನ ಬರುತ್ತೆ. ಎಣಿಸೋಕೆ ಹುಣಸೇಬೀಜ, ಒಣಗಿದ ಕಾಫಿಬೀಜ ಏನಾದ್ರೂ ಇಡಿ, ಗುಲಗಂಜಿ ಮಾತ್ರ ಇಡಬೇಡಿ, ಕೆಂಪು ಕಪ್ಪು ಚೆಂದ ಕಾಣುತ್ತೆ ಅಂತ ಸುಮಾರು ಕಡೆ ಇಟ್ಟಿರೋದು ನೋಡಿದೀನಿ, ಅದು ವಿಷ, ಮಗು ಅಗಿದು ನುಂಗಿದ್ರೆ ಜೀವಕ್ಕೇ ಅಪಾಯ.

ನಾಲ್ಕು ಐದನೇ ಕ್ಲಾಸಿಗೆ ಅಕ್ಷರ ಫೌಂಡೇಶನ್‌ನ ಗಣಿತ ಕಲಿಕಾ ಆಂದೋಲನದ ಕಿಟ್ ನಿಮ್ಮ ಶಾಲೆಗೆ ಬಂದಿದ್ರೆ ಮೊದಲು ಅದನ್ನ ತೆಗೆದು ಎಣಿಸಿ, ಬ್ಲಾಕು, ಮಣಿಕಟ್ಟು, ಭಿನ್ನರಾಶಿ ಪಟ್ಟಿ, ಗಡಿಯಾರ ಎಲ್ಲ ಅದರಲ್ಲೇ ಇರುತ್ತೆ, ಮತ್ತೆ ಅದನ್ನೇ ದುಡ್ಡು ಕೊಟ್ಟು ತರೋದು ಬೇಡ.

ಭಿನ್ನರಾಶಿಗೆ ಎಲ್ಲರೂ ರೊಟ್ಟಿ ಚಿತ್ರದಿಂದ ಶುರು ಮಾಡ್ತೀವಿ. ಅರ್ಧ, ಕಾಲು ತನಕ ಅಕ್ಕಿರೊಟ್ಟಿಗಿಂತ ಒಳ್ಳೇ ಸಾಮಾನು ಇಲ್ಲ. ಮೂರನೇ ಒಂದು, ಐದನೇ ಎರಡು ಬಂದಾಗ ರೊಟ್ಟಿ ಕೈಕೊಡುತ್ತೆ, ದುಂಡನೇದನ್ನ ಐದು ಸಮ ಭಾಗ ಮಾಡೋದು ದೊಡ್ಡೋರಿಗೇ ಕಷ್ಟ. ಕಾಗದದ ಉದ್ದ ಪಟ್ಟಿ ಆದ್ರೆ ಮಡಚಬಹುದು, ಒಂದರ ಕೆಳಗೆ ಒಂದು ಇಟ್ಟು ಮೂರನೇ ಒಂದು ದೊಡ್ಡದಾ ನಾಲ್ಕನೇ ಒಂದು ದೊಡ್ಡದಾ ಅಂತ ನೋಡಬಹುದು, ನಾಲ್ಕು ಮೂರಕ್ಕಿಂತ ದೊಡ್ಡದು ಹಾಗಾಗಿ ಕಾಲೇ ದೊಡ್ಡದು ಅನ್ನೋ ಮಕ್ಕಳು ಅಲ್ಲೇ ಸರಿ ಹೋಗ್ತಾರೆ. ಮುಂದೆ ಅದೇ ಪಟ್ಟಿ ಸಂಖ್ಯಾರೇಖೆ ಆಗುತ್ತೆ. ಪ್ಲಾಸ್ಟಿಕ್ ಸೆಟ್ಟಿಗಿಂತ ಮಕ್ಕಳೇ ಮಡಚಿದ ಕಾಗದದ ಪಟ್ಟಿ ಮೇಲು ಅಂತ ನಾನು ಖಂಡಿತವಾಗಿ ಹೇಳ್ತೀನಿ, ಮಡಚೋದರಲ್ಲೇ ಪಾಠ ಇರೋದು.

ಆಕೃತಿಗಳಿಗೆ ಜಿಯೋಬೋರ್ಡ್, ಅಂದ್ರೆ ಮೊಳೆಗಳಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ ಆಕೃತಿ ಮಾಡೋ ಹಲಗೆ, ಇದ್ರೆ ಒಳ್ಳೇದು, ಇಲ್ದಿದ್ರೆ ಚುಕ್ಕಿ ಹಾಳೆ ಸಾಕು, ಮಕ್ಕಳಿಗೆ ರಂಗೋಲಿ ಚುಕ್ಕಿ ಹೇಗೂ ಗೊತ್ತು. ಅದಕ್ಕಿಂತ ನಂಗೆ ಇಷ್ಟ ಬೆಂಕಿಕಡ್ಡಿಗಳನ್ನ ಸೈಕಲ್ ವಾಲ್ ಟ್ಯೂಬಿನ ತುಂಡಿಂದ ಜೋಡಿಸೋ ಅರವಿಂದ್ ಗುಪ್ತ ಅವರ ಉಪಾಯ. ಐಐಟಿ ಕಾನ್ಪುರದಲ್ಲಿ ಓದಿ 1970ರ ದಶಕದಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಹಳ್ಳಿ ಶಾಲೆಗಳ ವಿಜ್ಞಾನ ಕೆಲಸಕ್ಕೆ ಹೋದೋರು, 2018ರಲ್ಲಿ ಪದ್ಮಶ್ರೀ ಬಂತು. ಮೂರು ಕಡ್ಡಿ ಜೋಡಿಸಿದ ತ್ರಿಕೋನ ಅಲ್ಲಾಡಲ್ಲ, ನಾಲ್ಕು ಕಡ್ಡಿ ಚೌಕ ಒತ್ತಿದ್ರೆ ವಾಲುತ್ತೆ, ಮನೆ ಹಂಚಿನ ಕೆಳಗೆ ಮರ ಯಾಕೆ ತ್ರಿಕೋನವಾಗಿ ಕಟ್ಟಿರ್ತಾರೆ ಅಂತ ಒಬ್ಬ ಹುಡುಗ ತಾನೇ ಕಂಡ್ಹಿಡಿದ. ಮದ್ದಿನ ತುದಿ ಮೊದಲೇ ಕೆರೆದು ತೆಗೆದುಬಿಡಿ. ಸಮ್ಮಿತಿಗೆ ಚಾರ್ಟ್ ಏನೂ ಬೇಡ, ಒಂದು ದಿನ ಬೇಲೂರಿಗೆ ಕರ್ಕೊಂಡು ಹೋಗಿ ದೇವಸ್ಥಾನದ ಜಗಲಿ ನಕ್ಷತ್ರದ ಥರ ಇರೋದನ್ನ ಸುತ್ತು ಹಾಕಿಸಿ.

ವಿಜ್ಞಾನ: ರೆಡಿಮೇಡ್ ಪೆಟ್ಟಿಗೆನಾ, ಬಿಡಿಬಿಡಿಯಾಗಿನಾ

ಐದನೇ ಕ್ಲಾಸಿನ ತನಕ ನಮ್ಮಲ್ಲಿ ವಿಜ್ಞಾನ ಅಂತ ಬೇರೆ ಇಲ್ಲ, ಪರಿಸರ ಅಧ್ಯಯನದ ಒಳಗೇ ಬರುತ್ತೆ. ಅದಕ್ಕೆ ತಕ್ಕ ಸಾಮಾನು ಬೇಕೇ ಹೊರತು ಹೈಸ್ಕೂಲ್ ಲ್ಯಾಬಿಂದಲ್ಲ.

ನಮಗೆ ಒಂದು ಸಲ ದೊಡ್ಡ ಸೈನ್ಸ್ ಕಿಟ್ ಬಂದಿತ್ತು. ಪ್ರನಾಳ, ಪ್ರಿಸಂ, ಶ್ರುತಿಕವೆ, ಪ್ಲಾಸ್ಟಿಕ್ ಹೃದಯ, ಎಲ್ಲ ಒಂದೊಂದೇ. ಸ್ಟಾಕ್ ರಿಜಿಸ್ಟರ್‌ಗೆ ಹತ್ತಿಸಿ ಬೀರುವಿಗೆ ಹಾಕಿದ್ವಿ, ಒಡೆದ್ರೆ ನಾಳೆ ಯಾರು ಉತ್ತರ ಕೊಡೋದು ಅನ್ನೋ ಭಯಕ್ಕೆ ಮೂರು ವರ್ಷ ಅದು ಹೊರಗೇ ಬರಲಿಲ್ಲ. ಅದು ನೆನೆಸ್ಕೊಂಡ್ರೆ ನಂಗೆ ಈಗಲೂ ಸಂಕಟ ಆಗುತ್ತೆ, ಆ ಮೂರು ವರ್ಷದಲ್ಲಿ ಐದನೇ ಕ್ಲಾಸ್ ಮುಗಿಸಿ ಹೋದ ಮಕ್ಕಳು ಆ ಪ್ರಿಸಂ ಮುಟ್ಟಲೇ ಇಲ್ಲ. ಹಾಗಾಗಿ ಏನೇ ತಗೊಳ್ಳಿ, ತರೋಕೆ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಮಕ್ಕಳ ಬಳಕೆಯಲ್ಲಿ ಒಡೆದಿದ್ದನ್ನ ಕಮಿಟಿ ನೋಡಿ ಸ್ಟಾಕಿಂದ ತೆಗೆಯೋದು ಅಂತ ನಡಾವಳಿ ಬರೆಸ್ಕೊಳ್ಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದ್ರೆ ಬೀರು ಬೀಗ ತೆಗೆಯೋದು ಇದೇ.

ದೊಡ್ಡದು ಮಾಡಿ ನೋಡೋ ಸಾಮಾನಲ್ಲಿ ಮೂರು ಆಯ್ಕೆ ಇದೆ. ಲ್ಯಾಬಿನ ಮೈಕ್ರೋಸ್ಕೋಪ್ ಒಂದು ತಗೊಂಡ್ರೆ ಲೈನಲ್ಲಿ 23 ಮಕ್ಕಳು ನಿಲ್ಲಬೇಕು, ಮುಂದಿನವರು ತಿರುಪು ಮುಟ್ಟಿದ್ರೆ ಹಿಂದಿನವರಿಗೆ ಮಸುಕು, ಸುಮಾರು ಮಕ್ಕಳು ನೋಡೋದು ಅವರದ್ದೇ ರೆಪ್ಪೆ ಕೂದಲನ್ನ. ಫೋಲ್ಡ್‌ಸ್ಕೋಪ್ ಅಂತ ಕಾಗದ ಮಡಚಿ ಮಾಡೋ ಮೈಕ್ರೋಸ್ಕೋಪ್ ಇದೆ, ಸ್ಟ್ಯಾನ್‌ಫರ್ಡಿನ ಮನು ಪ್ರಕಾಶ್ ಮತ್ತು ಜಿಮ್ ಸಿಬುಲ್‌ಸ್ಕಿ ಮಾಡಿದ್ದು, ಸುಮಾರು 140 ಪಟ್ಟು ದೊಡ್ಡದು ಕಾಣುತ್ತೆ, ಈರುಳ್ಳಿ ಸಿಪ್ಪೆಯ ಕೋಶಗಳು ಚೆನ್ನಾಗಿ ಕಾಣ್ತವೆ. ಬಿದ್ರೂ ಏನಾಗಲ್ಲ. ಆದ್ರೆ ಅದನ್ನ ಹಿಡಿದು ಫೋಕಸ್ ಮಾಡೋಕೆ ಬೆರಳು ಪಳಗಬೇಕು, ಐದನೇ ಕ್ಲಾಸಿಗೆ ಸರಿ, ಎರಡನೇ ಕ್ಲಾಸಿಗೆ ಅಲ್ಲ. ಭೂತಗನ್ನಡಿ ಚಿಕ್ಕದು ಹನ್ನೆರಡು ತಗೊಂಡ್ರೆ ಇಬ್ಬರಿಗೆ ಒಂದು, ಇರುವೆ, ಜರೀಗಿಡದ ಎಲೆ ಹಿಂದಿನ ಚುಕ್ಕಿ, ಬೆರಳ ಗೆರೆ ಎಲ್ಲ ನೋಡಿ ಬರ್ತಾರೆ, ಟೀಚರ್ ಪಕ್ಕದಲ್ಲಿ ಇರಬೇಕಂತಿಲ್ಲ, ಸೂರ್ಯನ ಕಡೆ ತಿರುಗಿಸಿ ನೋಡಬಾರದು ಅಂತ ಒಂದು ಮಾತು ಗಟ್ಟಿಯಾಗಿ ಹೇಳಿದ್ರೆ ಸಾಕು. ಒಂದನ್ನೇ ಆರಿಸು ಅಂದ್ರೆ ನಾನು ಭೂತಗನ್ನಡಿ ಅಂತೀನಿ, ದುಡ್ಡು ಉಳಿದ್ರೆ ನಾಲ್ಕು ಫೋಲ್ಡ್‌ಸ್ಕೋಪ್.

ಸರ್ಕ್ಯೂಟಿಗೆ ಎಲ್‌ಇಡಿ ಅಗ್ಗ ಅಂತ ಅದನ್ನೇ ತರ್ತಾರೆ. ಎಲ್‌ಇಡಿ ಒಂದು ಕಡೆಯಿಂದ ಕೊಟ್ರೆ ಮಾತ್ರ ಉರಿಯುತ್ತೆ, ಒಂದೂವರೆ ವೋಲ್ಟಿನ ಒಂದು ಸೆಲ್ಲಿಗೆ ಸಾಮಾನ್ಯವಾಗಿ ಉರಿಯಲ್ಲ, ಎರಡು ಬೇಕು. ಮೊದಲ ಸಲಕ್ಕೆ ಹಳೇ ಕಾಲದ ಟಾರ್ಚ್ ಬಲ್ಬೇ ಸರಿ, ಯಾವ ಕಡೆ ಕೊಟ್ರೂ ಉರಿಯುತ್ತೆ, ಮಗು ಸೋಲಲ್ಲ. ಆಮೇಲೆ ಎಲ್‌ಇಡಿ ಕೊಟ್ಟು ಇದು ಯಾಕೆ ಹಟ ಮಾಡುತ್ತೆ ಅಂತ ಕೇಳಿ. ಮೊಬೈಲ್ ಬ್ಯಾಟರಿ, ಗೋಡೆ ಪ್ಲಗ್ ಎರಡೂ ದೂರ ಇರಲಿ.

ಚಾರ್ಟುಗಳ ಬಗ್ಗೆ ಹೇಳೋಕೆ ಜಾಸ್ತಿ ಇಲ್ಲ. ಗೋಡೆಗೆ ಹಾಕಿ ಹದಿನೈದು ದಿನ ಆದ್ಮೇಲೆ ಯಾವ ಮಗುವೂ ಅದನ್ನ ನೋಡಲ್ಲ.

ದುಡ್ಡೇ ಇಲ್ಲದೆ ನಮ್ಮ ಶಾಲೇಲಿ ಬಹಳ ಚೆನ್ನಾಗಿ ನಡೆದಿದ್ದು ಮಳೆ ಮಾಪಕ. ನೇರ ಮೈ ಇರೋ ಪ್ಲಾಸ್ಟಿಕ್ ಬಾಟಲಿ, ತಲೆ ಕತ್ತರಿಸಿ ಅದನ್ನೇ ಉಲ್ಟಾ ಆಲಿಕೆ ಥರ ಕೂರಿಸಿ, ತಳದ ಡೊಂಕು ಮುಚ್ಚೋ ತನಕ ಕಲ್ಲು ನೀರು ಹಾಕಿ ಅಲ್ಲಿಂದ ಸೊನ್ನೆ ಗುರುತು, ಪಕ್ಕಕ್ಕೆ ಸ್ಕೇಲ್ ಅಂಟಿಸಿ, ಬಯಲಲ್ಲಿ ನೆಟ್ಟಗೆ ಇಡೋದು. ನಮ್ಮ ಕಡೆ ಪ್ರತಿ ತೋಟದಲ್ಲೂ ಮಳೆ ಅಳೀತಾರಲ್ಲ, ಮಾರ್ಚ್ ಏಪ್ರಿಲಲ್ಲಿ ಕಾಫಿ ಹೂ ಅರಳಿಸೋ ಹೂ ಮಳೆ ಎಷ್ಟು ಬಿತ್ತು ಅನ್ನೋದೇ ಊರಿನ ಮಾತು, ಅವರು ಹೇಳೋದು ಇಂಚು ಸೆಂಟ್ಸ್ ಲೆಕ್ಕದಲ್ಲಿ, ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಒಂದು ದಿನ ನಮ್ಮ ಬಾಟಲೀಲಿ 29 ಮಿಲಿಮೀಟರ್, ಪಕ್ಕದ ತೋಟದ ರೈಟ್ರು ಬರ್ಕೊಂಡಿದ್ದು ಒಂದು ಇಂಚು ಇಪ್ಪತ್ತು ಸೆಂಟ್ಸು. ಇಂಚಿಗೆ 25.4 ಮಿಲಿಮೀಟರ್ ಅಂತ ಗುಣಿಸಿ ನೋಡಿದ್ರೆ ಅವರದ್ದು ಮೂವತ್ತು ಚಿಲ್ಲರೆ. ಐದನೇ ಕ್ಲಾಸಿನ ಹುಡುಗರಿಗೆ ಆದ ಖುಷಿ ನೋಡಬೇಕಿತ್ತು, ಮಿಸ್ ನಮ್ದೂ ಕರೆಕ್ಟೇ ಇದೆ ಅಂತ ಇಡೀ ದಿನ ಹೇಳ್ಕೊಂಡು ಓಡಾಡಿದ್ರು. ಮೊಳಕೆ ಪಾಠಕ್ಕೂ ಹಾಗೇ, ಹೆಸರುಕಾಳಿನ ಜೊತೆ ತೋಟದ ನರ್ಸರಿಯಿಂದ ಕಾಫಿಯ ಟೋಪಿ ಸಸಿ ಒಂದೆರಡು ಇಸ್ಕೊಂಡು ಬನ್ನಿ, ಬೀಜಾನ ಟೋಪಿ ಥರ ತಲೆ ಮೇಲೆ ಹೊತ್ಕೊಂಡು ನಿಂತಿರುತ್ತೆ, ಹೆಸರುಕಾಳಿಗೆ ಎರಡು ದಿನ ಆದ್ರೆ ಇದಕ್ಕೆ ಒಂದೂವರೆ ತಿಂಗಳು ಯಾಕೆ ಅನ್ನೋ ಪ್ರಶ್ನೆ ಅವರೇ ಕೇಳ್ತಾರೆ.

ಬರವಣಿಗೆ: ಕಾಪಿ ಪುಸ್ತಕ, ವರ್ಕ್‌ಶೀಟ್, ಖಾಲಿ ಹಾಳೆ

ಒಂದರಿಂದ ಮೂರಕ್ಕೆ ನಲಿ-ಕಲಿ ಇದೆ, ಮಕ್ಕಳು ಗುಂಪಲ್ಲಿ ಕೂತು ಕಾರ್ಡು ಚಟುವಟಿಕೆಗಳಿಂದ ಕಲಿಯೋ ಸರ್ಕಾರಿ ಶಾಲೆ ಪದ್ಧತಿ. 1995ರಲ್ಲಿ ಎಚ್.ಡಿ. ಕೋಟೆ ಕಡೆ ಶುರುವಾಗಿ 2009–10ರಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಒಂದು ಎರಡನೇ ಕ್ಲಾಸಿಗೆಲ್ಲ ಬಂತು. ಕಾರ್ಡು, ಕಲಿಕಾ ಏಣಿ, ಗುಂಪಿನ ತಟ್ಟೆ ಎಲ್ಲ ಇರೋದ್ರಿಂದ ಅಕ್ಷರ ಕಲಿಯೋಕೆ ಬೇರೆ ಏನೂ ಕೊಳ್ಳೋದು ಬೇಡ. ಕಷ್ಟ ಇರೋದು ಅಕ್ಷರ ಬಂದಮೇಲೆ.

ಕಾಪಿ ಪುಸ್ತಕದಿಂದ ಅಕ್ಷರ ದುಂಡಗಾಗುತ್ತೆ, ಒತ್ತಕ್ಷರ ಎಲ್ಲಿ ಕೂರಬೇಕು ಅಂತ ಗೊತ್ತಾಗುತ್ತೆ, ದಿನಕ್ಕೆ ಹತ್ತು ನಿಮಿಷ ಒಳ್ಳೇದೇ. ಬಿಟ್ಟ ಸ್ಥಳ ತುಂಬೋ ವರ್ಕ್‌ಶೀಟಿಂದ ಪರೀಕ್ಷೆಗೆ ಅನುಕೂಲ. ಆದ್ರೆ ಎರಡರಲ್ಲೂ ಮಗು ತನ್ನ ಮಾತು ಬರೆಯೋಲ್ಲ. ನಮ್ಮಲ್ಲಿ ಒಬ್ಬ ಹುಡುಗ ಇದ್ದ, ಮುತ್ತು ಜೋಡಿಸಿದ ಹಾಗೆ ಕಾಪಿ ಬರೀತಿದ್ದ, ನೀನೇ ಒಂದು ವಾಕ್ಯ ಬರಿ ಅಂದ್ರೆ ಪೆನ್ಸಿಲ್ ಕಚ್ಚಿಕೊಂಡು ಕೂರ್ತಿದ್ದ. ಒಂದು ದಿನ ಬೆಳಿಗ್ಗೆ ಬಂದವನೇ ರಾತ್ರಿ ಆನೆ ಬಂದಿದ್ದನ್ನ ಜೋರಾಗಿ ಹೇಳೋಕೆ ಶುರು ಮಾಡಿದ. ನಾನು ಗೆರೆ ಇಲ್ಲದ ಹಾಳೆ ಕೊಟ್ಟು ಇದನ್ನೇ ಬರಿ, ತಪ್ಪಾದ್ರೆ ಆಗಲಿ ಅಂದೆ. ಬರೆದ: ರಾತ್ರೆ ಆನೆ ಬಂತು. ಬಾಳೆ ಎಲ್ಲಾ ತಿಂತು. ಅಪ್ಪ ಪಟಾಕಿ ಹೊಡದ್ರು. ನಾನು ಕಂಬ್ಳಿ ಒಳಗೆ ಇದ್ದೆ. ನಾಲ್ಕೇ ಸಾಲು, ಎಷ್ಟೋ ಕಡೆ ತಪ್ಪು. ಒಂದನ್ನೂ ಕೆಂಪು ಇಂಕಲ್ಲಿ ತಿದ್ದಲಿಲ್ಲ, ಕಂಬಳಿ ಅಂತ ಬೋರ್ಡ್ ಮೇಲೆ ಒಂದು ಪದ ಮಾತ್ರ ಬರೆದೆ. ಗೋಡೆ ಪತ್ರಿಕೇಲಿ ಹಾಕಿದ್ವಿ, ಮಾರನೇ ದಿನ ಇನ್ನೂ ಐದು ಮಕ್ಕಳು ಆನೆ ಬಗ್ಗೆ ಬರ್ಕೊಂಡು ಬಂದ್ರು.

ಹಾಗಾಗಿ ಬರವಣಿಗೆಗೆ ನನ್ನ ಆಯ್ಕೆ ಖಾಲಿ ಹಾಳೆ, ಒಂದು ರೀಮ್ ಎ4, ಗೋಡೆಗೆ ಒಂದು ಹಗ್ಗ, ಬಟ್ಟೆ ಕ್ಲಿಪ್ಪು. ಬರೆಯೋಕೆ ಹೆದರೋ ಮಕ್ಕಳಿಗೆ ಮೊದಲು ಸ್ಲೇಟು, ಅಳಿಸಬಹುದು ಅನ್ನೋ ಧೈರ್ಯಕ್ಕೆ ಜಾಸ್ತಿ ಬರೀತಾರೆ, ಆದ್ರೆ ಸ್ಲೇಟಲ್ಲಿ ಬರೆದಿದ್ದು ಉಳಿಯಲ್ಲ, ಚೆನ್ನಾಗಿದ್ದನ್ನ ಹಾಳೆಗೆ ಇಳಿಸಬೇಕು.

ಓದದೇ ಬರೆಯೋಕೆ ಬರಲ್ಲ, ಕತೆ ಪುಸ್ತಕ ಬೇಕೇ ಬೇಕು. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ವೆಬ್‌ಸೈಟಲ್ಲಿ ನಾಲ್ಕು ಮಟ್ಟದ ಕನ್ನಡ ಕತೆಗಳು ಫ್ರೀಯಾಗಿ ಸಿಗ್ತವೆ, ಪ್ರಿಂಟ್ ತಗೊಳೋಕೂ ಅಡ್ಡಿ ಇಲ್ಲ. ನಮ್ಮ ಶಾಲೇಲಿ ತೋಟದ ಕೆಲಸಕ್ಕೆ ಅಸ್ಸಾಂ ಕಡೆಯಿಂದ ಬಂದವರ ಮಕ್ಕಳು ನಾಲ್ಕು ಜನ ಇದಾರೆ, ಅದೇ ಕತೆ ಅಸ್ಸಾಮಿಯಲ್ಲೂ ಇದ್ರೆ ಎರಡನ್ನೂ ತೆಗೆದು ಪಕ್ಕದಲ್ಲಿಟ್ರೆ ಅವರ ಮುಖಾನೇ ಬದಲಾಗುತ್ತೆ. ಆದ್ರೆ ಕಪ್ಪು ಬಿಳುಪು ಜೆರಾಕ್ಸು ಮತ್ತು ಬಣ್ಣದ ನಿಜ ಪುಸ್ತಕ ಒಂದೇ ಅಲ್ಲ, ಮಕ್ಕಳು ಎತ್ಕೊಳೋದು ಬಣ್ಣದ್ದನ್ನೇ. ಚಿಕ್ಕೋರಿಗೆ ಅಚ್ಚಾದ ಪುಸ್ತಕ ಕೊಳ್ಳಿ, ದೊಡ್ಡೋರಿಗೆ ಪ್ರಿಂಟ್ ಕೊಡಿ.

ದುಡ್ಡು ಹಂಚೋದು, ಇಡೋ ಜಾಗ

ಹತ್ತು ಸಾವಿರ ಇದ್ರೆ ನಾನು ಅರ್ಧಕ್ಕೂ ಜಾಸ್ತಿ ಕತೆ ಪುಸ್ತಕಕ್ಕೂ ಹಾಳೆಗೂ ಹಾಕ್ತೀನಿ. ಕಡ್ಡಿ, ಬೀಜ, ಬಾಟಲಿ ಊರಲ್ಲೇ ಸಿಗ್ತವೆ, ಪುಸ್ತಕ ಊರಲ್ಲಿ ಸಿಗಲ್ಲ. ಉಳಿದಿದ್ದರಲ್ಲಿ ಭೂತಗನ್ನಡಿ, ಸೆಲ್ಲು ಬಲ್ಬು ವೈರು, ಒಂದೆರಡು ಸೆಟ್ ಬ್ಲಾಕು. ಮೂವತ್ತು ಸಾವಿರ ಇದ್ರೆ ಇದನ್ನೇ ಇನ್ನೂ ಜಾಸ್ತಿ ತಗೊಂಡು ನಾಲ್ಕು ಫೋಲ್ಡ್‌ಸ್ಕೋಪ್ ಸೇರಿಸ್ತೀನಿ, ಹೊಸ ಥರದ್ದು ಹುಡುಕೋಕೆ ಹೋಗಲ್ಲ.

ಒಂದು ಪಾಲು ದುಡ್ಡು ಇಡೋ ಜಾಗಕ್ಕೆ ಅಂತ ಮೊದಲೇ ತೆಗೆದಿಡಿ. ಮಲೆನಾಡಿನ ಮಳೆಗಾಲದಲ್ಲಿ ಬೀರುವಿನ ಒಳಗೂ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತೆ, ಇಲಿ ಬೇರೆ. ದಿನಾ ಬಳಸೋದು ಮಕ್ಕಳ ಕೈಗೆ ಎಟುಕೋ ತೆರೆದ ರ್‍ಯಾಕಲ್ಲಿರಲಿ, ಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ಇಡಿ, ಬೇಸಿಗೆ ರಜೆಗೆ ಎಲ್ಲ ಕಬ್ಬಿಣದ ಟ್ರಂಕಿಗೆ. ಕಾರ್ಡ್ ಲ್ಯಾಮಿನೇಟ್ ಮಾಡಿಸೋದಾದ್ರೆ ಅಂಗಡಿಯವರಿಗೆ ಸುತ್ತ ಅರ್ಧ ಬೆರಳು ಪ್ಲಾಸ್ಟಿಕ್ ಬಿಟ್ಟು ಕತ್ತರಿಸೋಕೆ ಹೇಳಿ, ಕಾಗದದ ಅಂಚಿಗೇ ಕತ್ತರಿಸಿದ್ರೆ ಅಲ್ಲಿಂದ ತೇವ ಒಳಗೆ ಹೋಗಿ ಆಗಸ್ಟ್ ಹೊತ್ತಿಗೆ ಕಾರ್ಡೆಲ್ಲ ಉಬ್ಬಿ ಬಿಚ್ಚಿಕೊಳ್ಳುತ್ತೆ.